ವಿದೇಶಕ್ಕೆ ಹೊರಡುವ ಮುಂಚೆ ಯಾವ ಚರಿತ್ರೆ ಪುಸ್ತಕ ಓದಬೇಕು? ಮೈಸೂರು–ಮಂಡ್ಯದ ಓದುಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮುಂದೆ ಒಂದರ್ಧ ಗಂಟೆ ಸುಮ್ಮನೆ ನಿಂತು ಜನರನ್ನು ಗಮನಿಸಿ. ಬಹುಪಾಲು ಮಂದಿ "ಏನೋ ಯುದ್ಧ, ಆನೆ ಕುದುರೆ" ಅಂದುಕೊಂಡು ಮುಂದಕ್ಕೆ ಹೋಗುತ್ತಾರೆ. ಹೈದರ್–ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕದನದ ಬಗ್ಗೆ ನಾಲ್ಕು ಪುಟ ಓದಿಕೊಂಡು ಬಂದವರಿಗೆ ಮಾತ್ರ ಅದೇ ಗೋಡೆಯಲ್ಲಿ ಚೌಕ ಕಟ್ಟಿ ಒತ್ತೊತ್ತಾಗಿ ನಿಂತ ಈಸ್ಟ್ ಇಂಡಿಯಾ ಕಂಪನಿಯ ಪಡೆ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಆ ಪಡೆಯ ನಾಯಕ ಕರ್ನಲ್ ಬೇಯ್ಲಿ ಒಂದೊಂದಾಗಿ ಕಾಣಿಸತೊಡಗುತ್ತವೆ. ಗೋಡೆ ಒಂದೇ, ಟಿಕೆಟ್ಟೂ ಒಂದೇ.

ಇಷ್ಟು ಹತ್ತಿರದ ಪಟ್ಟಣದಲ್ಲೇ ಹೀಗಾದರೆ, ಲಕ್ಷಗಟ್ಟಲೆ ಸುರಿದು ಹೋಗುವ ಕಾಂಬೋಡಿಯಾದಲ್ಲೋ ಟರ್ಕಿಯಲ್ಲೋ ಲಂಡನ್ನಿನಲ್ಲೋ ಏನಾಗಬಹುದು ಊಹಿಸಿ. ಹಾಗೆಂದು ಆ ದೇಶದ ಪೂರ್ತಿ ಇತಿಹಾಸ ಕುಡಿದುಕೊಂಡು ಹೋಗಬೇಕಿಲ್ಲ. ಬಹಳ ಜನ ಎಡವುವುದೇ ಅಲ್ಲಿ: ದೇಶದ ಹೆಸರು ಹಿಡಿದು ಪುಸ್ತಕ ಹುಡುಕುತ್ತಾರೆ, 700 ಪುಟದ ದಪ್ಪ ಪುಸ್ತಕ ತರುತ್ತಾರೆ, ಶಿಲಾಯುಗದ ಅಧ್ಯಾಯ ಮುಗಿಯುವಷ್ಟರಲ್ಲಿ ವಿಮಾನ ಹತ್ತುವ ದಿನ ಬಂದಿರುತ್ತದೆ. ಪುಸ್ತಕ ಆರಿಸಬೇಕಾದದ್ದು ದೇಶ ನೋಡಿ ಅಲ್ಲ, ನೀವು ಕಾಲಿಡುವ ಜಾಗ ನೋಡಿ.

ಮೊದಲು ಜಾಗದ ಪಟ್ಟಿ

ಟೂರ್ ಕಂಪನಿ ಕೊಟ್ಟ ದಿನವಹಿ ಹಾಳೆಯನ್ನು ಮುಂದಿಟ್ಟುಕೊಳ್ಳಿ. ನೀವೇ ಯೋಜಿಸಿದ ಪ್ರವಾಸವಾದರೆ ಹೋಟೆಲ್ ಬುಕ್ ಮಾಡಿದ ಊರುಗಳನ್ನು ಬರೆದುಕೊಳ್ಳಿ. ನೋಟ್‌ಬುಕ್ಕಿನ ಒಂದು ಪುಟಕ್ಕೆ ನಾಲ್ಕು ಕಂಬಸಾಲು ಎಳೆಯಿರಿ: ದಿನ, ಜಾಗ, ಕಟ್ಟಿದ ಕಾಲ, ಕಟ್ಟಿಸಿದವರು ಅಥವಾ ನಡೆದ ಘಟನೆ. ಕೊನೆಯ ಎರಡನ್ನು ತುಂಬಲು ಮೊಬೈಲಿನಲ್ಲಿ ಅರ್ಧ ಗಂಟೆ ಸಾಕು.

ಕಾಂಬೋಡಿಯಾದ ಐದು ದಿನದ ಪ್ರವಾಸ ಎಂದಿಟ್ಟುಕೊಳ್ಳಿ. ಪಟ್ಟಿ ಹೀಗೆ ಬರುತ್ತದೆ. ಬಂತೆಯ್ ಸ್ರೇ, ಕ್ರಿ.ಶ. 967. ಅಂಗ್ಕೋರ್ ವಾಟ್, 12ನೇ ಶತಮಾನದ ಮೊದಲರ್ಧ, ಎರಡನೇ ಸೂರ್ಯವರ್ಮ. ತಾ ಪ್ರೋಮ್ ಮತ್ತು ಬಯಾನ್, 12ನೇ ಶತಮಾನದ ಕೊನೆಯ ಭಾಗ, ಏಳನೇ ಜಯವರ್ಮ. ನೋಮ್ ಪೆನ್ ಅರಮನೆ, 1860ರ ದಶಕ, ಫ್ರೆಂಚರ ರಕ್ಷಣೆಯಡಿ ಇದ್ದ ಅರಸರ ಕಾಲ. ತುವೊಲ್ ಸ್ಲೆಂಗ್ ಸೆರೆಮನೆ, 1975ರಿಂದ 1979, ಆಗ ದೇಶವನ್ನಾಳಿದ ಕಮ್ಯುನಿಸ್ಟ್ ಪಡೆ ಖಮೇರ್ ರೂಜ್.

ಈಗ ಆ ಹಾಳೆಯನ್ನೇ ದಿಟ್ಟಿಸಿ ನೋಡಿ. ಸಾವಿರ ವರ್ಷದ ಇತಿಹಾಸದಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಎರಡೇ ತುಂಡು: 10ರಿಂದ 13ನೇ ಶತಮಾನ, ಆಮೇಲೆ 1863ರಿಂದ 1979. ನಡುವಿನ ಆರು ನೂರು ವರ್ಷ ಯಾವ ಕಟ್ಟಡದಲ್ಲೂ ನಿಮಗೆ ಎದುರಾಗುವುದಿಲ್ಲ. ಹಾಗಾಗಿ ನಿಮಗೆ ಬೇಕಾದದ್ದು ಈ ಎರಡು ತುಂಡಿಗೆ ಹೆಚ್ಚು ಪುಟ ಕೊಟ್ಟ ಪುಸ್ತಕ. ನಡುವಿನದ್ದಕ್ಕೆ ಹತ್ತು ಪುಟವಿದ್ದರೂ ನಡೆಯುತ್ತದೆ.

ಪಕ್ಕದಲ್ಲೇ ಐದನೆಯ ಸಾಲೊಂದನ್ನು ಎಳೆದು, ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು ಎಂದು ಬರೆದರೆ ಇಸವಿ ಮರೆಯುವುದಿಲ್ಲ. ಅಂಗ್ಕೋರ್ ವಾಟ್ ಏಳುತ್ತಿದ್ದಾಗ ಇಲ್ಲಿ ವಿಷ್ಣುವರ್ಧನ ಆಳುತ್ತಿದ್ದ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಏಳನೇ ಜಯವರ್ಮ ಎರಡನೇ ವೀರಬಲ್ಲಾಳನ ಸಮಕಾಲೀನ. ಸೋಮನಾಥಪುರ ಇವೆರಡಕ್ಕಿಂತಲೂ ಈಚಿನದು, 13ನೇ ಶತಮಾನದ ನಡುಭಾಗದ್ದು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೊಯ್ಸಳರ ಇಸವಿಗಳು ಹೀಗೆ ಕೆಲಸಕ್ಕೆ ಬರುತ್ತವೆ.

ದಿನಕ್ಕೆ ಎಷ್ಟು ಪುಟ?

ಅರವತ್ತು ದಿನ ಮುಂಚೆ ಟಿಕೆಟ್ ಆಯಿತು ಅನ್ನಿ. ಕೊನೆಯ ಹತ್ತು ದಿನ ಲೆಕ್ಕಕ್ಕೆ ಹಿಡಿಯಬೇಡಿ. ಅವು ವೀಸಾ, ಡಾಲರ್, ಚಟ್ನಿಪುಡಿ, ಸೂಟ್‌ಕೇಸ್ ತೂಗುವುದರಲ್ಲೇ ಹೋಗುತ್ತವೆ. ಉಳಿದ ಐವತ್ತರಲ್ಲಿ ವಾರಕ್ಕೆ ಐದು ದಿನ ಓದಿದರೆ ಸುಮಾರು 35 ದಿನ. ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆಗೆ ಇಂಗ್ಲಿಷ್ ಚರಿತ್ರೆ ಪುಸ್ತಕವಾದರೆ 15 ಪುಟ, ಕನ್ನಡವಾದರೆ 25 ಪುಟ ನಿರಾಯಾಸವಾಗಿ ಸಾಗುತ್ತದೆ. ಅಲ್ಲಿಗೆ ಇಂಗ್ಲಿಷಿನಲ್ಲಿ ಸುಮಾರು 500 ಪುಟ. ಮಂಡ್ಯದಿಂದಲೋ ಮೈಸೂರಿನಿಂದಲೋ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಇದರ ಎರಡರಷ್ಟು ಓದಬಹುದು, ಸೀಟು ಸಿಕ್ಕರೆ.

ಈ 500ನ್ನು ಮೂರು ಪುಸ್ತಕಕ್ಕೆ ಹಂಚಿ. ಇಡೀ ಕಥೆ ಹೇಳುವ ತೆಳು ಪುಸ್ತಕಕ್ಕೆ 250, ಒಂದು ಜಾಗ ಅಥವಾ ಕಾಲದ ಬಗ್ಗೆ ಇರುವುದಕ್ಕೆ 150, ಆ ಕಾಲದಲ್ಲಿ ಬದುಕಿದ್ದವರೇ ಬರೆದದ್ದಕ್ಕೆ 100. ನಾಲ್ಕನೆಯದಕ್ಕೆ ಕೈಹಾಕಬೇಡಿ. ಕೈಯಲ್ಲಿ ಇಪ್ಪತ್ತೇ ದಿನವಿದ್ದರೆ ಎರಡನೆಯದನ್ನು ಬಿಡಿ, ಮೂರನೆಯದನ್ನಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೂರು ಬಗೆಯ ಪುಸ್ತಕ

ಮೊದಲನೆಯದು ಬೆನ್ನೆಲುಬು. ಒಬ್ಬರೇ ಬರೆದ, ಒಂದೇ ಸಂಪುಟದ, 200ರಿಂದ 300 ಪುಟದ ಇತಿಹಾಸ. ಹತ್ತು ವಿದ್ವಾಂಸರ ಪ್ರಬಂಧಗಳನ್ನು ಹೊಲಿದ ಸಂಕಲನ ಈ ಕೆಲಸಕ್ಕೆ ಒದಗುವುದಿಲ್ಲ. ಪ್ರತಿ ಅಧ್ಯಾಯದಲ್ಲೂ ಹೊಸ ದನಿ, ಕಥೆ ಮುಂದಕ್ಕೆ ಹರಿಯುವುದಿಲ್ಲ. ಕಾಂಬೋಡಿಯಾಕ್ಕೆ ಡೇವಿಡ್ ಚಾಂಡ್ಲರ್ ಅವರ ಒಂದು ಸಂಪುಟದ ಇತಿಹಾಸವನ್ನು ವಿದ್ಯಾರ್ಥಿಗಳು ದಶಕಗಳಿಂದ ಓದುತ್ತಿದ್ದಾರೆ. 1983ರಲ್ಲಿ ಮೊದಲು ಬಂದದ್ದು, ಆಮೇಲೆ ಪರಿಷ್ಕರಣೆಗಳಾಗಿವೆ. ಕೊಳ್ಳುವುದಾದರೆ ಈಚಿನ ಆವೃತ್ತಿಯನ್ನೇ ಕೇಳಿ.

ಎರಡನೆಯದು ಜಾಗದ ಪುಸ್ತಕ: ಒಂದು ದೇವಸ್ಥಾನ, ಒಂದು ನಗರ, ಒಂದು ಯುದ್ಧ. ಇಲ್ಲಿ ನಕ್ಷೆ, ಕಟ್ಟಡದ ನೆಲನಕ್ಷೆ ಇರಲೇಬೇಕು. ಅಂಗ್ಕೋರ್ ವಾಟಿನ ಉಬ್ಬುಶಿಲ್ಪಗಳಲ್ಲಿ ಸಮುದ್ರ ಮಥನ, ಕುರುಕ್ಷೇತ್ರ, ಲಂಕೆಯ ಯುದ್ಧ ಇವೆ. ಕನ್ನಡದ ಓದುಗರಿಗೆ ಆ ಕಥೆ ಯಾರೂ ಹೇಳಿಕೊಡಬೇಕಿಲ್ಲ. ಈ ವಿಷಯದಲ್ಲಿ ಯುರೋಪಿನ ಪ್ರವಾಸಿಗಿಂತ ನಾವು ಒಂದು ಹೆಜ್ಜೆ ಮುಂದಿದ್ದೇವೆ. ನಮಗೆ ಗೊತ್ತಿಲ್ಲದ್ದು ಬೇರೆ. ದೇವಸ್ಥಾನ ಪಶ್ಚಿಮಕ್ಕೆ ಯಾಕೆ ಮುಖಮಾಡಿದೆ, ವಿಷ್ಣುವಿನ ಗುಡಿ ಬೌದ್ಧರದ್ದು ಹೇಗಾಯಿತು, ಪುರಾಣದ ಫಲಕಗಳ ಪಕ್ಕದಲ್ಲೇ ಸೂರ್ಯವರ್ಮ ತನ್ನ ಸೈನ್ಯದ ಮೆರವಣಿಗೆಯನ್ನು ಯಾಕೆ ಕೆತ್ತಿಸಿದ. ಪುರಾಣವನ್ನೇ ಮತ್ತೆ ಹೇಳುತ್ತ ಪುಟ ತುಂಬಿಸುವ ಪುಸ್ತಕ ನಿಮಗೆ ದಂಡ. ಇಂಥ ಪ್ರಶ್ನೆ ಎತ್ತುವುದನ್ನು ಹುಡುಕಿ.

ಮೂರನೆಯದು ಅಂದಿನವರ ದನಿ. ಟೂರ್ ಗೈಡ್‌ಗಳಿಂದ ಸಿಗದೇ ಇರುವುದು ಇದೊಂದೇ. 1296ರಲ್ಲಿ ಝೌ ದಾಗ್ವಾನ್ ಎಂಬ ಚೀನೀಯ ರಾಜದೂತರ ತಂಡದ ಜೊತೆ ಅಂಗ್ಕೋರಿಗೆ ಬಂದು, ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಇದ್ದು, ಕಂಡದ್ದನ್ನೆಲ್ಲ ಬರೆದಿಟ್ಟ. ಸಂತೆಯಲ್ಲಿ ವ್ಯಾಪಾರ ಮಾಡುವವರೆಲ್ಲ ಹೆಂಗಸರು ಎಂಬುದು, ಜನ ದಿನಕ್ಕೆ ಎಷ್ಟು ಸಲ ಮೀಯುತ್ತಾರೆ, ಅರಸ ಹೊರಟಾಗ ಮೆರವಣಿಗೆ ಹೇಗಿರುತ್ತದೆ, ಎಲ್ಲ ಅದರಲ್ಲಿದೆ. ಕಲ್ಲಿನ ಗುಡಿಗಳು ಮಾತ್ರ ಉಳಿದು ಮರದ ಮನೆಗಳೆಲ್ಲ ಹೋದ ಊರಿನಲ್ಲಿ ಜನಜೀವನ ಉಳಿದಿರುವುದು ಇಂಥ ಬರಹಗಳಲ್ಲಿ, ಬಯಾನಿನ ಗೋಡೆಯ ಕೆತ್ತನೆಗಳಲ್ಲಿ. ಪುಸ್ತಕ ತೆಳ್ಳಗಿದೆ, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಅನುವಾದ ಆರಿಸುವಾಗ ಮಾತ್ರ ಎಚ್ಚರ: ಹಳೆಯ ಇಂಗ್ಲಿಷ್ ಅನುವಾದಗಳಲ್ಲಿ ಫ್ರೆಂಚ್ ದಾರಿಯಾಗಿ ಬಂದವು ಇವೆ, 2007ರ ಪೀಟರ್ ಹ್ಯಾರಿಸ್ ಅವರ ಅನುವಾದ ನೇರ ಚೀನೀ ಮೂಲದಿಂದ ಆದದ್ದು.

ಇಂಥ ದನಿ ಬಹುತೇಕ ಪ್ರತಿ ದೇಶಕ್ಕೂ ಇದೆ. ಶ್ರೀಲಂಕಾಕ್ಕೆ ಪಾಲಿ ಭಾಷೆಯ ಮಹಾವಂಸ. ಅದನ್ನು ಬರೆದವರು ಬೌದ್ಧ ಭಿಕ್ಷುಗಳು, ತಮ್ಮ ವಿಹಾರದ ಹಿತ ನೋಡಿಕೊಂಡೇ ಬರೆದರು ಎಂಬುದು ತಲೆಯಲ್ಲಿರಲಿ. ಇಪ್ಪತ್ತನೇ ಶತಮಾನದ ಜಾಗಗಳಿಗೆ ಬದುಕುಳಿದವರ ಆತ್ಮಕಥೆ, ಡೈರಿ, ಪತ್ರಗಳು. ಏನೂ ಸಿಗದಿದ್ದರೆ ಆ ದೇಶದ ಸಣ್ಣಕಥೆಗಳು. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ತಂದ 25 ಸಂಪುಟಗಳ ವಿಶ್ವಕಥಾಕೋಶವನ್ನು ಲೈಬ್ರರಿಯಲ್ಲಿ ಹುಡುಕಿದರೆ ಆಫ್ರಿಕಾದಿಂದ ಜಪಾನಿನವರೆಗಿನ ಕಥೆಗಳು ಕನ್ನಡದಲ್ಲೇ ಓದಲು ಸಿಗುತ್ತವೆ. ಕಥೆ ಇತಿಹಾಸವಲ್ಲ, ನಿಜ. ಆದರೆ ಒಂದು ಊರಿನ ಅಡುಗೆಮನೆ, ಜಗಳ, ಸಾಲ ಹೇಗಿರುತ್ತವೆ ಎಂಬುದು ಇತಿಹಾಸ ಪುಸ್ತಕಕ್ಕಿಂತ ಅಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ಬರೆದವರು ಯಾವ ದಡದವರು?

ಈ ಪರೀಕ್ಷೆಯಲ್ಲಿ ಮೈಸೂರು ಸೀಮೆಯವರಿಗೆ ಹುಟ್ಟಿನಿಂದಲೇ ತರಬೇತಿಯಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ನಡೆದದ್ದನ್ನು ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ರೀತಿ ಒಂದು, ಹೈದರ್–ಟಿಪ್ಪು ಸೇವೆಯಲ್ಲಿದ್ದ ಕಿರ್ಮಾನಿ ಪಾರ್ಸಿಯಲ್ಲಿ ಬರೆದ ರೀತಿ ಇನ್ನೊಂದು, ಒಡೆಯರ ಅರಮನೆಯ ಕಡೆಯಿಂದ ನೋಡಿದವರ ಕಥನ ಮತ್ತೊಂದು. ಕೋಟೆ ಬಿದ್ದ ದಿನ ಒಂದೇ. "ಮುಕ್ತಿ" ಎಂದವರಾರು, "ಪತನ" ಎಂದವರಾರು ನೋಡಿದರೆ ಬರೆದವರು ಎಲ್ಲಿ ನಿಂತಿದ್ದರು ಎಂದು ತಿಳಿಯುತ್ತದೆ. ಅದೇ ಕಣ್ಣನ್ನು ಬೇರೆ ದೇಶದ ಪುಸ್ತಕಕ್ಕೂ ಹಾಕಿ.

ಅಂಗ್ಕೋರಿನ ವಿಷಯದಲ್ಲಿ ಒಂದು ಸುಲಭದ ಉಪಾಯವಿದೆ. "ಕಾಡಿನಲ್ಲಿ ಕಳೆದುಹೋಗಿದ್ದ ದೇವಸ್ಥಾನವನ್ನು 1860ರಲ್ಲಿ ಫ್ರೆಂಚ್ ಅನ್ವೇಷಕ ಹೆನ್ರಿ ಮೂಒ ಕಂಡುಹಿಡಿದ" ಎಂಬ ಸಾಲು ಸಿಕ್ಕರೆ ಪುಸ್ತಕವನ್ನು ಕಪಾಟಿಗೆ ವಾಪಸ್ ಇಡಿ. ಅಂಗ್ಕೋರ್ ವಾಟಿನಲ್ಲಿ ಬೌದ್ಧ ಭಿಕ್ಷುಗಳ ವಾಸ ನಿಂತೇ ಇರಲಿಲ್ಲ. 1632ರಲ್ಲಿ ಬಂದ ಜಪಾನಿ ಯಾತ್ರಿಕನೊಬ್ಬ ಅಲ್ಲಿನ ಕಂಬದ ಮೇಲೆ ಬರೆದದ್ದು ಇಂದಿಗೂ ಇದೆ.

ಇನ್ನೊಂದು ಎಚ್ಚರಿಕೆ ನಮ್ಮವರಿಗೇ. 1926ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ "ಬೃಹತ್ ಭಾರತ"ದ ವಿದ್ವಾಂಸರು ಆಗ್ನೇಯ ಏಷ್ಯಾವನ್ನೆಲ್ಲ ಭಾರತದ ವಸಾಹತು ಎಂಬಂತೆ ಬರೆದರು. ಬ್ರಿಟಿಷರ ಆಳ್ವಿಕೆಯಲ್ಲಿ ಅಂಥ ಹೆಮ್ಮೆ ಅವರಿಗೆ ಬೇಕಿತ್ತು, ಅರ್ಥವಾಗುತ್ತದೆ. ಆಮೇಲಿನ ಸಂಶೋಧನೆ ಅಲ್ಲಿನ ಅರಸರು, ಶಿಲ್ಪಿಗಳು ತಮಗೆ ಬೇಕಾದದ್ದನ್ನು ಆರಿಸಿ ತಮ್ಮದಾಗಿ ಮಾಡಿಕೊಂಡರು ಎಂದು ತೋರಿಸಿದೆ. ಕನ್ನಡದಲ್ಲಿ ಸಿಗುವ ಕೆಲವು ಪುಸ್ತಕಗಳಲ್ಲಿ ಇನ್ನೂ ಆ ಹಳೆಯ ದನಿಯೇ ಇದೆ. "ಇದೆಲ್ಲ ನಮ್ಮದೇ" ಎಂದು ಓದಿಕೊಂಡು ಹೋದವರು ಅಲ್ಲಿನ ಗೈಡ್ ಜೊತೆ ಜಗಳವಾಡಿ ಬರುತ್ತಾರೆ, ನೋಡುವುದನ್ನು ನೋಡುವುದಿಲ್ಲ.

ಗಾಯ ಇನ್ನೂ ಹಸಿಯಾಗಿರುವ ದೇಶಗಳಿಗೆ ಎರಡೂ ಕಡೆಯವರದ್ದನ್ನು ಓದಬೇಕು. ಶ್ರೀಲಂಕಾದ 1983ರಿಂದ 2009ರವರೆಗಿನ ಯುದ್ಧಕ್ಕೆ ಸಿಂಹಳೀಯರೊಬ್ಬರದು, ತಮಿಳರೊಬ್ಬರದು. ಎರಡಕ್ಕೂ ಸಮಯವಿಲ್ಲದಿದ್ದರೆ ಪೂರ್ತಿ ಒಂದನ್ನು ಓದುವ ಬದಲು ಎರಡರಿಂದಲೂ 1983ರ ಅಧ್ಯಾಯವನ್ನಷ್ಟೇ ಓದಿ.

ಎಲ್ಲಿ ಹುಡುಕಬೇಕು?

ಮೊದಲ ನಿಲ್ದಾಣ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ. 14 ಸಂಪುಟ, ಅಕಾರಾದಿಯಾಗಿದೆ, ದೊಡ್ಡ ಲೈಬ್ರರಿಗಳಲ್ಲಿ ಪರಾಮರ್ಶನ ವಿಭಾಗದಲ್ಲಿರುತ್ತದೆ. ನಿಮ್ಮ ದೇಶದ ಹೆಸರಿನ ನಮೂದು ಓದಿದರೆ ಮೂವತ್ತು ನಿಮಿಷದಲ್ಲಿ ಕಥೆಯ ಅಸ್ಥಿಪಂಜರ ಸಿಗುತ್ತದೆ. ಮೊದಲ ಸಂಪುಟ ಬಂದದ್ದು 1969ರಲ್ಲಿ. ಹಾಗಾಗಿ ರಾಜಕೀಯ, ಜನಸಂಖ್ಯೆ ಬಿಟ್ಟುಬಿಡಿ, ಪ್ರಾಚೀನ ಭಾಗ ಮಾತ್ರ ತೆಗೆದುಕೊಳ್ಳಿ. ಮನೆಯಲ್ಲೋ ನೆರೆಯಲ್ಲೋ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಎಂ.ಎ. ಓದಿದವರಿದ್ದರೆ ಅವರ ಕನ್ನಡ ಪಾಠಪುಸ್ತಕಗಳನ್ನು ಕೇಳಿ ನೋಡಿ. ಓದಲು ಸಪ್ಪೆ, ಆದರೆ ಇಸವಿ–ಘಟನೆ ಒಂದೇ ಕಡೆ ಸಿಗುತ್ತವೆ.

ಲೈಬ್ರರಿಯಲ್ಲಿ ಪುಸ್ತಕಗಳನ್ನು ಡ್ಯೂಯಿ ದಶಾಂಶ ಕ್ರಮದಲ್ಲಿ ಜೋಡಿಸಿದ್ದರೆ ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಬ್ರಿಟನ್ 941–942, ಫ್ರಾನ್ಸ್ 944, ಇಟಲಿ 945, ಚೀನಾ 951, ಜಪಾನ್ 952, ಶ್ರೀಲಂಕಾ 954.93, ಟರ್ಕಿ 956.1, ಥಾಯ್ಲೆಂಡ್ 959.3, ಕಾಂಬೋಡಿಯಾ 959.6, ವಿಯೆಟ್ನಾಂ 959.7, ಈಜಿಪ್ಟ್ 962, ಅಮೆರಿಕ 973. 914, 915ರಲ್ಲಿ ಇರುವುದು ಪ್ರವಾಸ ಪುಸ್ತಕಗಳು. ಅಲ್ಲಿ ನಿಂತು ಇತಿಹಾಸ ಹುಡುಕಬೇಡಿ. ಮಾನಸಗಂಗೋತ್ರಿಯ ಲೈಬ್ರರಿಗೆ ಹೋಗುವವರು ಗುರುತಿನ ಚೀಟಿ ಒಯ್ದು, ಹೊರಗಿನವರು ಅಲ್ಲೇ ಕುಳಿತು ಓದಲು ಏನು ಮಾಡಬೇಕೆಂದು ಕೌಂಟರಿನಲ್ಲಿ ಕೇಳಿಕೊಳ್ಳಿ. ದಪ್ಪ ಪುಸ್ತಕದಲ್ಲಿ ನಿಮಗೆ ಬೇಕಾದ ಒಂದೇ ಅಧ್ಯಾಯ ಓದಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಕ್ಯಾಟಲಾಗಿನಲ್ಲಿ ಹುಡುಕುವಾಗ ಹಳೆಯ ಹೆಸರನ್ನೂ ಹಾಕಿ. ಶ್ರೀಲಂಕಾ 1972ರವರೆಗೆ ಸಿಲೋನ್. ಥಾಯ್ಲೆಂಡ್ 1939ರವರೆಗೆ ಸಯಾಂ. ಹೋ ಚಿ ಮಿನ್ ನಗರ ಸೈಗಾನ್ ಆಗಿತ್ತು, ಇಸ್ತಾಂಬುಲ್ ಕಾನ್‌ಸ್ಟಾಂಟಿನೋಪಲ್, ಮಾರಿಷಸ್ ಫ್ರೆಂಚರ ಕಾಲದಲ್ಲಿ ಈಲ್ ದ ಫ್ರಾನ್ಸ್. ಲಂಡನ್ನಿನ ಮ್ಯೂಸಿಯಂ ಜಾಲತಾಣದಲ್ಲಿ ನಮ್ಮ ಶ್ರೀರಂಗಪಟ್ಟಣವೇ "ಸೆರಿಂಗಪಟಾಂ" ಆಗಿ ಕುಳಿತಿರುತ್ತದೆ. ಹಾಗೆ ಬರೆಯದಿದ್ದರೆ ಎಷ್ಟೋ ವಸ್ತು ಕಣ್ಣಿಗೆ ಬೀಳುವುದೇ ಇಲ್ಲ.

ಕೊಳ್ಳುವುದಾದರೆ ಭಾರತದ ಉಪಖಂಡಕ್ಕೆಂದೇ ಅಚ್ಚಾದ ಕಡಿಮೆ ಬೆಲೆಯ ಆವೃತ್ತಿ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಹೊರಗಿನಿಂದ ತರಿಸುವ ಪುಸ್ತಕ ಬರಲು ಮೂರು ನಾಲ್ಕು ವಾರವಾಗಬಹುದು. ಅರವತ್ತು ದಿನದ ಲೆಕ್ಕದಲ್ಲಿ ಆರ್ಡರ್ ಮಾಡಬೇಕಾದದ್ದು ಮೊದಲ ವಾರದಲ್ಲೇ.

ಅಂಗಡಿಯಲ್ಲಿ ಹತ್ತು ನಿಮಿಷ

ಮುಖಪುಟ ಬಿಡಿ. ಮೊದಲು ಮುದ್ರಣದ ವಿವರದ ಪುಟ ತೆಗೆಯಿರಿ. "ಮೊದಲ ಮುದ್ರಣ" ಯಾವ ವರ್ಷ? ನೂರು ವರ್ಷ ಹಿಂದಿನ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿಗೆ ಮಿರುಗುವ ಹೊಸ ಹೊದಿಕೆ ಹಾಕಿ ಮಾರುವ ವ್ಯಾಪಾರ ಜೋರಾಗಿದೆ. ಮರುಮುದ್ರಣದ ಇಸವಿ ಮಾತ್ರ ಕೊಟ್ಟು ಮೊದಲ ಮುದ್ರಣದ ಇಸವಿ ಮುಚ್ಚಿಟ್ಟಿದ್ದರೆ ಅನುಮಾನಿಸಿ. ಇಸವಿಯೇ ಇಲ್ಲದಿದ್ದರೆ ಕೊನೆಯ ಅಧ್ಯಾಯದ ಕೊನೆಯ ಪುಟ ನೋಡಿ. ಅಲ್ಲಿ ಟರ್ಕಿಯನ್ನು ಸುಲ್ತಾನ ಆಳುತ್ತಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಆಮೇಲೆ ಪರಿವಿಡಿ. ನಿಮ್ಮ ಪಟ್ಟಿಯಲ್ಲಿರುವ ಶತಮಾನಗಳಿಗೆ ಎಷ್ಟು ಪುಟ ಬಂದಿದೆ ಎಂದು ಬೆರಳಲ್ಲೇ ಎಣಿಸಿ. 300 ಪುಟದಲ್ಲಿ ನೂರಾದರೂ ನಿಮ್ಮ ಜಾಗಗಳಿಗೆ ಸಂಬಂಧಪಟ್ಟಿರಬೇಕು. ಮೂವತ್ತೇ ಇದ್ದರೆ ಆ ಮೂವತ್ತನ್ನು ಲೈಬ್ರರಿಯಲ್ಲಿ ಓದಿ, ದುಡ್ಡು ಉಳಿಸಿ.

ಮೂರನೆಯದು ಪದಸೂಚಿ. ಪಟ್ಟಿಯಿಂದ ಐದು ಜಾಗ ಅಥವಾ ಹೆಸರು ಆರಿಸಿ ಹುಡುಕಿ. ಮೂರು ಸಿಕ್ಕರೆ ಪಾಸು. ನಮ್ಮ ಕನ್ನಡ ಪುಸ್ತಕಗಳಲ್ಲಿ ಪದಸೂಚಿಯೇ ಇಲ್ಲದಿರುವುದು ದೊಡ್ಡ ಕೊರತೆ. ಅಲ್ಲಿ ಅಧ್ಯಾಯದ ಉಪಶೀರ್ಷಿಕೆಗಳನ್ನೇ ನಂಬಬೇಕು. ನಕ್ಷೆ ಇದೆಯೇ, ನಕ್ಷೆಯಲ್ಲಿ ನೀವು ಹೋಗುವ ಊರು ಇದೆಯೇ ಎಂದು ಇಲ್ಲೇ ನೋಡಿಬಿಡಿ. ನಕ್ಷೆ ಇಲ್ಲದ ಚರಿತ್ರೆ ಪುಸ್ತಕ ಉಪ್ಪಿಲ್ಲದ ಸಾರು.

ಕೊನೆಯದಾಗಿ ನಡುವಿನ ಒಂದು ಪುಟವನ್ನು ಪೂರ್ತಿ ಓದಿ. ಮುನ್ನುಡಿಯನ್ನಲ್ಲ, ಮುನ್ನುಡಿ ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಒಂದು ಪುಟದಲ್ಲಿ ಹತ್ತಕ್ಕಿಂತ ಹೆಚ್ಚು ಹೊಸ ಹೆಸರು ಬಂದರೆ ಆ ಪುಸ್ತಕ ವಿದ್ಯಾರ್ಥಿಗಳಿಗೆ, ಪ್ರವಾಸಿಗಲ್ಲ. ಒಂದೂ ಇಸವಿ ಬರದಿದ್ದರೆ ಅದು ಉಪನ್ಯಾಸ.

ಎಲ್ಲಿ ಕೈಕೊಡುತ್ತದೆ

ಪ್ರವಾಸ ಕಥನವನ್ನು ಇತಿಹಾಸವೆಂದು ಓದುವುದು ನಮ್ಮಲ್ಲಿ ಹೆಚ್ಚು, ಯಾಕೆಂದರೆ ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಸೊಗಸಾಗಿದೆ. ಕಾರಂತರ "ಅಪೂರ್ವ ಪಶ್ಚಿಮ", ಗೊರೂರರ "ಅಮೆರಿಕದಲ್ಲಿ ಗೊರೂರು" ಓದಲು ಈಗಲೂ ಹಿತವೇ. ಆದರೆ ಅವುಗಳಲ್ಲಿರುವುದು ಆ ಕಾಲದ ಕನ್ನಡಿಗರೊಬ್ಬರ ಕಣ್ಣು. ಆ ದೇಶಕ್ಕೆ ಏನೇನಾಯಿತು ಎಂಬ ವೃತ್ತಾಂತಕ್ಕೆ ಬೇರೆ ಕಡೆ ಹೋಗಬೇಕು. ಅವನ್ನು ಹೋಗಿ ಬಂದ ಮೇಲೆ ಓದಿ, ನಿಮ್ಮ ಕಣ್ಣಿನ ಜೊತೆ ಹೋಲಿಸುವ ಸುಖ ಬೇರೆ.

ಐತಿಹಾಸಿಕ ಕಾದಂಬರಿ ಮೊದಲ ಪುಸ್ತಕವಾಗಬಾರದು. ಮೊದಲೇ ಓದಿದರೆ ಕಾದಂಬರಿಯ ಪಾತ್ರವೇ ನಿಜವೆಂದು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಕೀಳುವುದು ಕಷ್ಟ. ಬೆನ್ನೆಲುಬಿನ ಪುಸ್ತಕ ಮುಗಿಸಿ ಓದಿದರೆ ತೊಂದರೆಯಿಲ್ಲ. ಹೊಳೆಯುವ ಕಾಗದದ ಚಿತ್ರಪುಸ್ತಕಗಳಿಗೆ ದುಡ್ಡು ಹಾಕಬೇಡಿ. ಆ ಚಿತ್ರಗಳನ್ನು ನೀವೇ ತೆಗೆಯಲು ಹೋಗುತ್ತಿದ್ದೀರಿ.

ಮಗಳ ಮನೆಗೆ ಆರು ತಿಂಗಳು

ಕುವೆಂಪುನಗರದಿಂದಲೋ ಮಂಡ್ಯದಿಂದಲೋ ಅಮೆರಿಕಕ್ಕೆ ಮಗ–ಮಗಳ ಮನೆಗೆ ಹೋಗುವ ಹಿರಿಯರ ಲೆಕ್ಕ ಪೂರ್ತಿ ಬೇರೆ. ಅವರಿಗೆ ಹೋಗುವ ಮುಂಚೆ ಪುರುಸೊತ್ತಿಲ್ಲ, ಹೋದ ಮೇಲೆ ಬೇಕಾದಷ್ಟು. ಇಲ್ಲಿಂದ ತೆಳುವಾದ ಒಂದೇ ಪುಸ್ತಕ ಓದಿಕೊಂಡು ಹೋಗಿ. ಉಳಿದದ್ದಕ್ಕೆ ಅಲ್ಲಿ ಮನೆ ಹತ್ತಿರದ ಸಾರ್ವಜನಿಕ ಲೈಬ್ರರಿ ಇರುತ್ತದೆ. ಮಕ್ಕಳ ಕಾರ್ಡಿನಲ್ಲಿ ತರಿಸಿಕೊಳ್ಳಬಹುದು, ದೊಡ್ಡ ಅಕ್ಷರದ ಆವೃತ್ತಿಗಳೂ ಧ್ವನಿಪುಸ್ತಕಗಳೂ ಸಿಗುತ್ತವೆ. ಇಡೀ ಅಮೆರಿಕದ ಇತಿಹಾಸಕ್ಕಿಂತ ಮಗಳು ಇರುವ ರಾಜ್ಯದ ಇತಿಹಾಸ ಕೇಳಿ. ಆ ಊರಿನ ಮೂಲನಿವಾಸಿಗಳು ಯಾರಿದ್ದರು, ಅವರು ಏನಾದರು ಎಂಬ ಅಧ್ಯಾಯ ಇಲ್ಲದ ಪುಸ್ತಕವನ್ನು ಮುಟ್ಟಬೇಡಿ.

ಕೈಗೆ ಹಿಡಿದ ಎಳೆಯೊಂದಿದ್ದರೆ ಓದು ಮುಂದೆ ಸಾಗುತ್ತದೆ. ನಮ್ಮ ಸೀಮೆಯ ಎಳೆಗಳು ಜಗತ್ತಿನಲ್ಲಿ ಎಲ್ಲೆಲ್ಲೋ ಸಿಕ್ಕಿಕೊಂಡಿವೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಹಡಗೊಂದಕ್ಕೆ ಹೈದರಾಲಿಯ ಹೆಸರಿಟ್ಟಿದ್ದರು. ಅದು 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಹಡಗನ್ನು ಸೆರೆಹಿಡಿಯಿತು. ಮೈಸೂರಿನ ರಾಕೆಟ್ಟುಗಳನ್ನು ಕಂಡ ಮೇಲೆ ಬ್ರಿಟಿಷರು ಮಾಡಿಕೊಂಡ ಕಾಂಗ್ರೀವ್ ರಾಕೆಟ್ಟುಗಳೇ 1814ರಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ್ದು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ಕೆಂಪು ಬೆಳಕು ಅವುಗಳದ್ದೇ. ಬಾಲ್ಟಿಮೋರ್ ಪಟ್ಟಿಯಲ್ಲಿದ್ದರೆ 1812ರಲ್ಲಿ ಶುರುವಾದ ಅಮೆರಿಕ–ಬ್ರಿಟನ್ ಯುದ್ಧದ ಪುಸ್ತಕ ಆರಿಸಿ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿಯಿದೆ, ವೇಲ್ಸಿನ ಪೊವಿಸ್ ಕ್ಯಾಸಲ್‌ನಲ್ಲಿ ಅವನ ಡೇರೆ. ಲಂಡನ್ನಿನ ಆಪ್ಸ್‌ಲೀ ಹೌಸ್ ವೆಲಿಂಗ್ಟನ್ನನ ಮನೆ. ವಾಟರ್ಲೂ ಗೆಲ್ಲುವ ಮುಂಚೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ ಅವನು. ಈ ಮೂರರಲ್ಲಿ ಎರಡು ನಿಮ್ಮ ಪಟ್ಟಿಯಲ್ಲಿದ್ದರೆ ರೋಮನ್ನರಿಂದ ಶುರುವಾಗುವ ಬ್ರಿಟನ್ನಿನ ಇತಿಹಾಸ ಬಿಟ್ಟು, 1757ರಿಂದ 1858ರವರೆಗಿನ ಈಸ್ಟ್ ಇಂಡಿಯಾ ಕಂಪನಿಯ ಪುಸ್ತಕ ಹಿಡಿಯಿರಿ. ಪ್ಯಾರಿಸ್ಸಿಗೆ ಹೋಗುವವರು 1788ರಿಂದ ಶುರುಮಾಡಬಹುದು: ಟಿಪ್ಪುವಿನ ರಾಯಭಾರಿಗಳು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡ ವರ್ಷ ಅದು, ಮರುವರ್ಷವೇ ಕ್ರಾಂತಿ. ಶ್ರೀಲಂಕಾದ ಪೊಲೊನ್ನರುವಕ್ಕೆ ಹೋಗುವವರಿಗೆ ತಲಕಾಡೇ ಬಾಗಿಲು. ಹನ್ನೊಂದನೇ ಶತಮಾನದಲ್ಲಿ ಎರಡೂ ಊರು ಚೋಳರ ಕೈಯಲ್ಲಿದ್ದವು. ಅಲ್ಲಿಂದ ಅವರನ್ನು 1070ರಲ್ಲಿ ವಿಜಯಬಾಹು ಓಡಿಸಿದ, ಇಲ್ಲಿಂದ ಸುಮಾರು ಅರ್ಧ ಶತಮಾನದ ನಂತರ ವಿಷ್ಣುವರ್ಧನ. ಇಸ್ರೇಲಿನ ಹೈಫಾದಲ್ಲಿ, ಮೊದಲ ಮಹಾಯುದ್ಧದ ವೇಳೆ, 1918ರ ಸೆಪ್ಟೆಂಬರ್ 23ರಂದು ನಮ್ಮ ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ಹೋರಾಡಿದ್ದರು.

ಒಯ್ಯುವುದು, ತರುವುದು

ಓದಿದ ಪುಸ್ತಕಗಳನ್ನು ಮನೆಯಲ್ಲೇ ಬಿಡಿ. ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕೆಜಿ ಮಿತಿ. ಓದುವಾಗಲೇ ಜಾಗಕ್ಕೆ ಐದು ಸಾಲಿನಂತೆ ಟಿಪ್ಪಣಿ ಮಾಡಿ: ಯಾರು, ಯಾವಾಗ, ಯಾಕೆ, ನೋಡಲೇಬೇಕಾದ ಒಂದು ವಿವರ, ಗೈಡನ್ನು ಕೇಳಬೇಕಾದ ಒಂದು ಪ್ರಶ್ನೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಅಂಗ್ಕೋರ್ ವಾಟಿನ ಹಾಳೆಯಲ್ಲಿ ಸೂರ್ಯವರ್ಮನ ಮೆರವಣಿಗೆ ಯಾವ ಗೋಡೆಯಲ್ಲಿದೆ ಎಂದು ದಿಕ್ಕು ಬರೆದುಕೊಳ್ಳಿ; ದಕ್ಷಿಣದ ಮೊಗಸಾಲೆಯಲ್ಲಿ, ಪಶ್ಚಿಮದ ಅರ್ಧದಲ್ಲಿ.

ಕೆಲವು ದೇಶಗಳಿಗೆ ಕೆಲವು ಪುಸ್ತಕ ಒಯ್ಯಲೇಬಾರದು. ಥಾಯ್ಲೆಂಡಿನಲ್ಲಿ ರಾಜಮನೆತನವನ್ನು ಅವಮಾನಿಸಿದರೆ ಮೂರರಿಂದ ಹದಿನೈದು ವರ್ಷ ಸಜೆ. ಅರಸರನ್ನು ಟೀಕಿಸುವ ಪುಸ್ತಕವನ್ನು ಇಲ್ಲೇ ಓದಿ ಮುಗಿಸಿ, ಅಲ್ಲಿ ಅದರ ಮಾತೂ ಎತ್ತಬೇಡಿ. ಚೀನಾಕ್ಕೆ ಹೋಗುವವರು ನಕ್ಷೆಗಳ ವಿಷಯದಲ್ಲಿ ಎಚ್ಚರವಾಗಿರಿ, ತೈವಾನನ್ನು ಬೇರೆ ದೇಶವೆಂದು ತೋರಿಸುವ ನಕ್ಷೆ ತೊಂದರೆಗೆ ದಾರಿ.

ಬರುವಾಗ ಸೂಟ್‌ಕೇಸಿನಲ್ಲಿ ಒಂದು ಕೆಜಿ ಜಾಗ ಖಾಲಿ ಬಿಟ್ಟುಕೊಂಡಿರಿ. ಮ್ಯೂಸಿಯಂ ಅಂಗಡಿಗಳಲ್ಲಿ, ದೇವಸ್ಥಾನದ ಹೊರಗಿನ ಪುಸ್ತಕದ ಗೂಡುಗಳಲ್ಲಿ ಆ ಜಾಗದ ಬಗ್ಗೆಯೇ ಇರುವ ಐವತ್ತು–ಅರವತ್ತು ಪುಟದ ಸಣ್ಣ ಕೈಪಿಡಿಗಳು ಸಿಗುತ್ತವೆ. ಹೊರಗಿನ ಅಂಗಡಿಗಳಿಗೆ ಅವು ಬರುವುದು ಅಪರೂಪ. ಬೀದಿಯಲ್ಲಿ ಮಾರುವ ಅಗ್ಗದ ಪ್ರತಿಗಳನ್ನು ಕೊಳ್ಳುವ ಮುಂಚೆ ಒಳಪುಟ ತಿರುವಿ ನೋಡಿ. ನೆರಳಚ್ಚು ಪ್ರತಿಗಳಲ್ಲಿ ಮೊದಲು ಮಸುಕಾಗುವುದು ನಕ್ಷೆ, ಆಮೇಲೆ ಅಡಿಟಿಪ್ಪಣಿ, ಕೆಲವೊಮ್ಮೆ ನಡುವಿನ ಹದಿನಾರು ಪುಟವೇ ಮಾಯವಾಗಿರುತ್ತವೆ.